ಎತ್ತಿದ ಹೆಬ್ಬೆರಳು

ಆ ಸದ್ದು ಕಜೆತಾನನಿಗೂ ಕೇಳಿಸಿರಬೇಕಲ್ಲ? ನಾಲ್ಕು ಹೆಜ್ಜೆ ಮುಂದಿದ್ದವನಿಗೆ ಕೇಳದೆ ಇರುತ್ತದೆಯೇ? ಕೇಳಿಸಿದ್ದರೆ ಅವನು ಮುಂದೆ ಹೋಗುತ್ತಿರಲಿಲ್ಲ. ಹೋದ ಎಂದರೆ ಕೇಳಿಸಿಲ್ಲ. ಅಥವಾ ಕೇಳಿಸಿಯೂ, ಹಿಂದೆ ಸೇಫ್ಟಿಯವನಿದ್ದಾನೆ, ಅಪಾಯವಿದ್ದರೆ ಅವನು ಹೇಳುತ್ತಾನೆ ಎಂದುಕೊಂಡನೋ?

ರುವೈಸಿನಿಂದ ಅಲ್ ಐನ್‌ಗೆ ಮೂರೂವರೆ ಗಂಟೆಯ ದಾರಿ. ಧರ್ಮಪಾಲ ಅಷ್ಟು ಹೊತ್ತೂ ಇದೊಂದನ್ನೇ ಮಗುಚಿ ಹಾಕುತ್ತಿದ್ದ. ಹಿಂದಿನ ಸೀಟಿನಲ್ಲಿ ಎರಡು ರಟ್ಟಿನ ಪೆಟ್ಟಿಗೆಗಳಿದ್ದವು. ಕಂಪನಿಯ ಕ್ವಾರ್ಟರ್ಸಿನಲ್ಲಿ ಕಜೆತಾನ್ ಬಿಟ್ಟುಹೋದ ಬಟ್ಟೆ, ಬೂಟು, ಹಗ್ಗ, ಒಂದು ಜಪಮಾಲೆ. ಅವನ್ನು ಅವನ ಹೆಂಡತಿ ಬೆಟ್ಟಿಗೆ ತಲುಪಿಸಬೇಕಿತ್ತು. ಸತ್ತು ತಿಂಗಳಾಯಿತು, ಕೋಣೆ ಖಾಲಿ ಮಾಡಿಸಿ ಎಂದು ಆಫೀಸಿನಿಂದ ಎರಡು ಸಲ ಹೇಳಿಕಳಿಸಿದ್ದರು. ಪಕ್ಕದಲ್ಲಿ ಹೆಂಡತಿ ಚಂದ್ರಮತಿ, ಅವಳ ಮಡಿಲಲ್ಲಿ ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ಡಬ್ಬಿ.

"ಬೆಟ್ಟಿ ಹತ್ರ ಆ ಗುಡ್ಡೆಯ ವಿಷಯ ತೆಗೀಬೇಡಿ. ನಾನು ಫೋನಲ್ಲಿ ಎಲ್ಲ ಹೇಳಿಯಾಗಿದೆ" ಎಂದಳು.

"ಎಂತ ಹೇಳಿದ್ದಿ?"

"ನೀವು ಬೇಡ ಅಂದದ್ದು, ಅವರು ಕೇಳದ್ದು. ಇದ್ದದ್ದೇ ಅಲ್ವಾ?"

ಧರ್ಮಪಾಲ ಕನ್ನಡಿ ನೋಡಿದ. ಹಿಂದೆ ಯಾವ ಗಾಡಿಯೂ ಇರಲಿಲ್ಲ.

ಅವಳು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಅದೇ ಅವನನ್ನು ಕೊಲ್ಲುತ್ತಿದ್ದದ್ದು.

ಕಜೆತಾನ್ ರುವೈಸಿನ ತೈಲ ಸ್ಥಾವರದಲ್ಲಿ ಕ್ರೇನ್ ಕೆಲಸದ ಮೇಸ್ತ್ರಿ, ಧರ್ಮಪಾಲ ಅಲ್ಲಿಯ ಸೇಫ್ಟಿ ಅಧಿಕಾರಿ. ಹನ್ನೊಂದು ವರ್ಷ ಇಬ್ಬರದೂ ಒಂದೇ ರೂಢಿ. ಭಾರ ನೆಲ ಬಿಡುವ ಮೊದಲು ಕಜೆತಾನ್ ಹಿಂದಿರುಗಿ, "ಎಂಚ, ಸೇಫ್ಟಿ?" ಎಂದು ತುಳುವಿನಲ್ಲಿ ಕೇಳುವುದು. ಹೇಗೆ, ಎತ್ತುವುದಾ ಎಂದು. ಧರ್ಮಪಾಲ ಹೆಬ್ಬೆರಳು ಎತ್ತಿದರೆ ಕ್ರೇನ್ ಎತ್ತುತ್ತದೆ, ಅಂಗೈ ತೋರಿಸಿದರೆ ಕೆಲಸ ನಿಲ್ಲುತ್ತದೆ. ಯಾಕೆ ಎಂದು ಯಾರೂ ಕೇಳಬಾರದು, ಯಾರೂ ನಗಬಾರದು. ಹಾಗೆಂದು ಏಳು ಭಾಷೆಗಳಲ್ಲಿ ಬರೆದ ಬೋರ್ಡು ಗೇಟಿನಲ್ಲಿತ್ತು.

ಬೆಟ್ಟದ ಹುಚ್ಚು ಕಜೆತಾನನದು. ದೇರಾದಲ್ಲಿ ಬಟ್ಟೆ ಅಂಗಡಿಯಿದ್ದ ಭಟ್ಕಳದ ಸುಲೈಮಾನ್ ಮೂರನೆಯವನಾಗಿ ಸೇರಿಕೊಂಡ. ರಜಾದಿನಗಳಲ್ಲಿ ಅಲ್ ನಹ್ದಾದಲ್ಲಿ ಸುಲೈಮಾನನ ಕಟ್ಟಡದ ಇಪ್ಪತ್ತೆರಡು ಮಹಡಿಗಳನ್ನು, ಬೆನ್ನಚೀಲದಲ್ಲಿ ನೀರಿನ ಕ್ಯಾನು ತುಂಬಿಕೊಂಡು ಹತ್ತಿ ಇಳಿಯುತ್ತಿದ್ದರು. ಇವರನ್ನು ನೋಡಿ ಲಿಫ್ಟ್ ಕೆಟ್ಟಿದೆಯೆಂದುಕೊಂಡು ವಾಚ್‌ಮನ್ ಒಮ್ಮೆ ದೂರು ಬರೆದಿದ್ದ. ಹಿಮದ ಮೇಲೆ ನಡೆಯುವುದನ್ನು ಕಲಿತದ್ದು ಮಾಲ್‌ನೊಳಗಿನ ಕೃತಕ ಹಿಮದಲ್ಲಿ, ಟಿಕೆಟ್ ಕೊಟ್ಟು. ಆ ಹಿಮ ಎಂದೂ ಕುಸಿಯುವುದಿಲ್ಲ.

ಕೊಲ್ಲಿ ದೇಶದ ರೆಸಿಡೆನ್ಸ್ ವೀಸಾ ಇದ್ದವರಿಗೆ ಜಾರ್ಜಿಯಾಕ್ಕೆ ಬೇರೆ ವೀಸಾ ಬೇಡ. ವಾರದ ಬಿಡುವಿನ ಶುಕ್ರವಾರ, ಶನಿವಾರಕ್ಕೆ ಎರಡು ದಿನ ರಜೆ ಸೇರಿಸಿದರೆ ನಾಲ್ಕು ದಿನ. ಬೆಟ್ಟ ಹತ್ತುವವರು ಹವೆ ನೋಡಿ ದಿನ ಗೊತ್ತುಮಾಡುತ್ತಾರೆ. ಇವರು ಮ್ಯಾನೇಜರರ ಸಹಿ ಬಿದ್ದ ದಿನ ಹೊರಟರು. ಅದು ಎರಡು ಸಾವಿರದ ಹದಿನೆಂಟರ ಫೆಬ್ರವರಿ.

ಜಾರ್ಜಿಯಾದ ಬೆಟ್ಟದೂರು ತಲುಪಿದ ರಾತ್ರಿಯೇ ಮೊಣಕಾಲೆತ್ತರ ಹಿಮ ಬಿತ್ತು. ಬೆಳಿಗ್ಗೆ ಧರ್ಮಪಾಲ ಫೋನಿನಲ್ಲಿ ಹಿಮಕುಸಿತದ ಸೂಚನೆ ತೆಗೆದು ನೋಡಿದ. ಐದರಲ್ಲಿ ಮೂರನೆಯ ಮಟ್ಟ. ಒಬ್ಬ ಮನುಷ್ಯನ ತೂಕ ಸಾಕು, ಇಳಿಜಾರು ಕಳಚಿಕೊಳ್ಳಬಹುದು ಎಂದಿತ್ತು. ಅವನು ಅಂಗೈ ತೋರಿಸಿದ. ಕಜೆತಾನ್ ಮರುಮಾತಿಲ್ಲದೆ ಬೂಟು ಕಳಚಿದ.

ಹತ್ತು ಗಂಟೆಗೆ ಬಿಸಿಲು ಬಂತು. ಗೆಸ್ಟ್‌ಹೌಸಿನ ಕಿಟಕಿಯಿಂದ ನೋಡುತ್ತಿದ್ದಂತೆ ಯಾರೋ ನಾಲ್ವರು ತಾವು ದಾಟಬೇಕಿದ್ದ ಕೊರಕಲನ್ನೇ ದಾಟಿ ಮೇಲೆ ಹೋದರು. ಮಧ್ಯಾಹ್ನ ಕ್ಷೇಮವಾಗಿ ಇಳಿದರು. ಕಿಟಕಿಯತ್ತ ಕೈ ಬೀಸಿದರು ಕೂಡ.

"ಧರ್ಮಣ್ಣನ ಒಟ್ಟಿಗೆ ಶಾದಿಗೆ ಹೋಗಬಾರದು. ಬಿರಿಯಾನಿ ಖಲಾಸ್ ಆದ ಮೇಲೆ ತಲುಪುವುದು" ಎಂದ ಸುಲೈಮಾನ್.

"ಹೀಟರಿಗೂ ಒಂದು ಪರ್ಮಿಟ್ ಬರಿ ಮಾರಾಯ. ಇಲ್ಲೇ ಕೂತು ಗುಡ್ಡೆ ಹತ್ತುವ" ಎಂದ ಕಜೆತಾನ್.

ಎಲ್ಲರೂ ನಕ್ಕರು. ಧರ್ಮಪಾಲನೂ ನಕ್ಕ. ಹಾಸಿಗೆ ಸೇರಿದ ಮೇಲೂ ಆ ನಗೆ ಅವನ ಕಿವಿಯಿಂದ ಇಳಿಯಲಿಲ್ಲ. ಹೊರಗೆ ಬೆಳಗಿನವರೆಗೂ ಗಾಳಿ ಬೀಸಿತು.

ಮರುದಿನ ಆಕಾಶ ತೊಳೆದಿಟ್ಟಂತಿತ್ತು. ಫೋನಿನಲ್ಲಿ ಮತ್ತೆ ಮೂರನೆಯ ಮಟ್ಟವೇ. ಅದರ ಕೆಳಗೊಂದು ಸಾಲು: ಗಾಳಿ ಹೊತ್ತುತಂದ ಹಿಮ ಮರೆಯ ಕೊರಕಲುಗಳಲ್ಲಿ ಪೇರಿಕೊಂಡಿದೆ, ನಿನ್ನೆಗಿಂತ ಎಚ್ಚರ ಬೇಕು. ಅವನು ಓದಿದ. ಓದಿ ಫೋನನ್ನು ಜೇಬಿಗೆ ಹಾಕಿಕೊಂಡ. ಮಾರನೆ ದಿನ ಬೆಳಿಗ್ಗೆ ಹಿಂದಿರುಗುವ ವಿಮಾನವಿತ್ತು.

ಕೊರಕಲಿನ ಹತ್ತಿರ ಬಂದಾಗ ಅವನ ಕಾಲಡಿಯಲ್ಲಿ ಹಿಮ 'ಹುಂಫ್' ಎಂದಿತು, ಹಳೆಯ ಹತ್ತಿ ಹಾಸಿಗೆಯ ಮೇಲೆ ದಪ್ಪ ಮನುಷ್ಯ ಕೂತ ಹಾಗೆ. ಅಡಿಯ ಪದರ ಕುಸಿದ ಸದ್ದದು, ಕೇಳಿದರೆ ಹಿಂದಿರುಗಬೇಕು. ಅದನ್ನು ಓದಿ ಉಳಿದಿಬ್ಬರಿಗೆ ಹೇಳಿಕೊಟ್ಟವನೇ ಅವನು. ಸುಲೈಮಾನ್ ಇಪ್ಪತ್ತು ಹೆಜ್ಜೆ ಕೆಳಗೆ ಬಗ್ಗಿ ಬೂಟಿನ ಪಟ್ಟಿ ಬಿಗಿಯುತ್ತಿದ್ದ. ಕಜೆತಾನ್ ಅಂಚಿನಲ್ಲಿ ನಿಂತು ಹಿಂದೆ ತಿರುಗಿ ನೋಡಿದ.

"ಎಂಚ, ಸೇಫ್ಟಿ?"

ಇಲ್ಲಿ ಗೇಟಿನ ಬೋರ್ಡು ಇರಲಿಲ್ಲ. ಎದುರಿಗೆ ನಿನ್ನೆಯ ನಾಲ್ವರ ಹೆಜ್ಜೆಗುರುತು ಅರ್ಧ ಮುಚ್ಚಿಹೋಗಿ ಕಾಣುತ್ತಿತ್ತು. ಕೈ ಬೀಸಿದವರ ಹೆಜ್ಜೆಗಳು. ಅಂಗೈ ತೋರಿಸಿದರೆ ಸಂಜೆ ಮತ್ತೆ ಅದೇ ಹೀಟರು, ಅದೇ ಶಾದಿ, ಅದೇ ಬಿರಿಯಾನಿ. ಧರ್ಮಪಾಲ ಹೆಬ್ಬೆರಳು ಎತ್ತಿದ.

ಕಜೆತಾನ್ ನಕ್ಕು ಮುಂದೆ ಹೋದ. ಅರ್ಧ ದಾಟಿದ್ದ. ಅವನ ಮೇಲ್ಗಡೆ ಹಿಮದಲ್ಲಿ ಒಂದು ಗೆರೆ ಬಿತ್ತು. ಮಂಚದ ಮೇಲಿನ ಹೊದಿಕೆಯನ್ನು ಯಾರೋ ಕೆಳಗಿನಿಂದ ಎಳೆದಂತೆ ಇಳಿಜಾರು ಇಡಿಯಾಗಿ ಸರಿಯಿತು. ಅವನನ್ನು ಅಗೆದು ತೆಗೆಯಲು ನಲವತ್ತು ನಿಮಿಷ ಹಿಡಿಯಿತು. ಹದಿನೈದು ನಿಮಿಷದೊಳಗೆ ತೆಗೆದರೆ ಆಸೆ ಉಂಟು ಎಂದು ಹೇಳಿಕೊಟ್ಟವನೂ ಅವನೇ.

ಬೆಟ್ಟಿ ಅಲ್ ಐನ್‌ನ ಆಸ್ಪತ್ರೆಯೊಂದರಲ್ಲಿ ನರ್ಸು. ಆ ಶುಕ್ರವಾರ ಚರ್ಚಿನಲ್ಲಿ ಗಂಡನ ತಿಂಗಳ ಪೂಜೆ ಮುಗಿಸಿ ಬಂದಿದ್ದಳು. ಪೆಟ್ಟಿಗೆಗಳನ್ನು ಬಾಗಿಲ ಬಳಿಯೇ ಇಡಿಸಿದಳು, ತೆರೆಯಲಿಲ್ಲ. ದೇವರ ಪೀಠವಾದ ಅಲ್ತಾರಿನಲ್ಲಿ ಶಿಲುಬೆಯಿತ್ತು, ಮೇಣದಬತ್ತಿಯಿತ್ತು, ಕಜೆತಾನನ ಫೋಟೊ ಇರಲಿಲ್ಲ.

"ಫೋಟೊ ಡ್ರಾಯರಿನಲ್ಲಿ ಉಂಟು. ನೋಡಿದ್ರೆ ಸಿಟ್ಟು ಬರ್ತದೆ" ಎಂದಳು, ಅವನ ಕಣ್ಣು ಹೋದ ಕಡೆ ನೋಡಿ. "ಗಂಡ ಸತ್ತವಳಿಗೆ ಅಳು ಬರಬೇಕು. ನನಗೆ ಪೂಜೆಯಲ್ಲಿ ಕೂತ್ರೂ ಸಿಟ್ಟೇ. ನಿಮ್ಮ ಒಂದು ಮಾತು ಕೇಳಿದ್ರೆ ಆಗ್ತಿರಲಿಲ್ವಾ ಇವರಿಗೆ? ಹೆಂಡತಿಯ ಮಾತು ಬಿಡಿ, ಅದು ಯಾವ ಗಂಡಸಿಗೂ ಕೇಳುದಿಲ್ಲ."

"ಹಾಗೆಲ್ಲ ಹೇಳ್ಬಾರ್ದು ಬೆಟ್ಟಿ" ಎಂದಳು ಚಂದ್ರಮತಿ. ಎದ್ದು ಡಬ್ಬಿಯನ್ನು ಅಡುಗೆಮನೆಗೆ ಒಯ್ದಳು.

ಬೆಟ್ಟಿ ದನಿ ತಗ್ಗಿಸಿದಳು. "ಧರ್ಮಣ್ಣ, ಒಂದೇ ಒಂದು ಕೇಳ್ತೇನೆ, ಸರಿಯಾಗಿ ಹೇಳಿ. ಆ ದಿನ ನೀವು ಬೇಡ ಅಂದಾಗ ಅವರು ಎಂತ ಮಾಡಿದ್ರು?"

ಒಂದು ವಾಕ್ಯ ಸಾಕಿತ್ತು. ಆ ವಾಕ್ಯ ಬಂದರೆ ಫೋಟೊ ಡ್ರಾಯರಿನಿಂದ ಹೊರಗೆ ಬರುತ್ತಿತ್ತು, ಆ ಸಿಟ್ಟು ಇತ್ತ ತಿರುಗುತ್ತಿತ್ತು, ಅವಳಿಗೆ ಅಳುವುದಕ್ಕಾಗುತ್ತಿತ್ತು. ಧರ್ಮಪಾಲನಿಗೆ ಇದೆಲ್ಲ ಸ್ಪಷ್ಟವಾಗಿ ಗೊತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಚಂದ್ರಮತಿ ಕಿವಿಗೊಟ್ಟಿದ್ದಳು.

"ನಕ್ಕರು" ಎಂದ.

ಬೆಟ್ಟಿ ತಲೆಯಾಡಿಸಿದಳು. ಬಹಳ ದಿನದಿಂದ ಗೊತ್ತಿದ್ದದ್ದನ್ನೇ ಯಾರೋ ಹೇಳಿದ ಹಾಗೆ. "ನಗ್ತಾರೆ. ನನಗೂ ಹಾಗೇ ನಗ್ತಿದ್ರು." ಎದ್ದು ಹೋಗಿ, ಮೊದಲೇ ಮುಚ್ಚಿದ್ದ ಡ್ರಾಯರನ್ನು ಅಂಗೈಯಿಂದ ಇನ್ನಷ್ಟು ಒಳಗೆ ದೂಡಿದಳು. "ಚಾ ಮಾಡ್ತೇನೆ, ಕೂತ್ಕೊಳ್ಳಿ. ನೀವೊಬ್ರಾದ್ರೂ ಹೇಳಿದ್ರಲ್ಲ ಅವರಿಗೆ. ಅಷ್ಟು ಸಾಕು ನನಗೆ."

ಅವನು ಆ ಚಹಾ ಕುಡಿದ. ಎರಡನೆಯ ಲೋಟವನ್ನೂ ಬೇಡವೆನ್ನಲಿಲ್ಲ.

ಹಿಂದಿರುಗುವಾಗ ದಾರಿಯ ಬಹುಪಾಲು ಚಂದ್ರಮತಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ರುವೈಸ್ ಹತ್ತಿರವಾದಾಗ, "ಅವರು ನಕ್ಕದ್ದು ಹೌದಾ?" ಎಂದು ಕೇಳಿದಳು.

"ಹೌದು."

ಅವಳು ಮತ್ತೆ ಕಿಟಕಿಯತ್ತ ತಿರುಗಿದಳು.

ಭಾನುವಾರ ಬೆಳಿಗ್ಗೆ ಕೆಲಸದ ಜಾಗದಲ್ಲಿ ಒಂದು ಪೈಪಿನ ಕಟ್ಟು ಎತ್ತಬೇಕಿತ್ತು. ಗಾಳಿಯಿರಲಿಲ್ಲ, ಹಗ್ಗ ಸರಿಯಿತ್ತು, ಕಾಗದಪತ್ರವೂ ಸರಿಯಿತ್ತು. ಕಜೆತಾನನ ಜಾಗಕ್ಕೆ ಬಂದ ಹೊಸ ಮೇಸ್ತ್ರಿ ಹಿಂದಿರುಗಿ ಅವನ ಮುಖ ನೋಡಿದ. ಧರ್ಮಪಾಲನ ಹೆಬ್ಬೆರಳು ಏಳಲಿಲ್ಲ. ಅಂಗೈ ತೋರಿಸಿದ. ಕ್ರೇನ್ ನಿಂತಿತು. ಬಿಸಿಲಲ್ಲಿ ಹದಿನಾಲ್ಕು ಜನ ಸುಮ್ಮನೆ ನಿಂತರು. ಯಾಕೆ ಎಂದು ಒಬ್ಬನೂ ಕೇಳಲಿಲ್ಲ, ಒಬ್ಬನೂ ನಗಲಿಲ್ಲ.

ಆ ದಿನ ಕೊರಕಲಿನ ಅಂಚಿನಲ್ಲಿ ಕಜೆತಾನ್ ತನ್ನನ್ನು ಕೇಳಿಯೇ ಹೆಜ್ಜೆ ಇಟ್ಟಿದ್ದ, ಆಗಲಿ ಎಂದವನು ತಾನು ಎಂಬುದನ್ನು ಧರ್ಮಪಾಲ ಬೆಟ್ಟಿಗೆ ಕೊನೆಗೂ ಹೇಳಲಿಲ್ಲ.