ಮಂಜಮ್ಮನ ಪದಕ

ಸುಜಾತಾ ಮದುವೆಯಾಗಿ ಕೂಡ್ಲಿಗಿಗೆ ಬಂದು ಇನ್ನೂ ವಾರ ತುಂಬಿರಲಿಲ್ಲ, ಗುಡೇಕೋಟೆಯಿಂದ ಬೊಮ್ಮಮ್ಮ ಬಂದಳು. ಗಂಡ ಓಬಳೇಶನ ಮೊದಲ ಹೆಂಡತಿ ಮಂಜಮ್ಮನ ತಾಯಿ ಆಕೆ. ಮಂಜಮ್ಮ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳು ಬಿಟ್ಟುಹೋದ ಪುಟ್ಟ ಮಗಳು ಪಾರು, ಯಾರೂ ಹೇಳಿಕೊಡದೆಯೇ, ಸುಜಾತಾಳ ಸೆರಗು ಹಿಡಿದು ಓಡಾಡಲು ಶುರುಮಾಡಿದ್ದಳು.

ಒಳಗೆ ಬಾ ಎಂದು ಯಾರೂ ಕರೆಯಲಿಲ್ಲವಾಗಿ ಬೊಮ್ಮಮ್ಮ ಹೊರಗಿನ ಕಟ್ಟೆಯ ಮೇಲೆಯೇ ಕುಳಿತು ಸೆರಗಿನ ಗಂಟು ಬಿಚ್ಚಿದಳು. ಹೆಬ್ಬೆರಳ ಉಗುರಿನಷ್ಟು ಅಗಲದ ಚಿನ್ನದ ಪದಕ. ಅದರ ಮೇಲೆ ಒಂದು ಹೆಣ್ಣಿನ ಮುಖ, ಹಣೆಯಲ್ಲಿ ಕುಂಕುಮದ ಜಾಗಕ್ಕೆ ಒಂದು ಮಾಣಿಕ್ಯ.

"ಬಂಗಾರ ನನ್ನ ಮಗಳ ಓಲಿದು, ಕೆಂಪು ಹಳ್ಳು ಆಕಿ ಮೂಗುತಿದು. ಕೊಟ್ಟೂರಾಗ ಪತ್ತಾರನ ಮುಂದ ಕುಂತು ಮಾಡಿಸೀನವ್ವ."

ತೀರಿಹೋದವಳು ದೆವ್ವವಾಗಿ ಕಾಡದಿರಲೆಂದು ಅವಳ ರೂಪವನ್ನು ಎರಡನೆಯ ಹೆಂಡತಿ ತಾಳಿಯ ಜೊತೆ ಕಟ್ಟಿಕೊಳ್ಳುವುದು ಈ ಮನೆತನದ ಪದ್ಧತಿ. ತಾನು ಕಟ್ಟಿಕೊಳ್ಳುವುದಿಲ್ಲವೆಂದು ಸುಜಾತಾ ಮದುವೆಗೆ ಮೊದಲೇ ಓಬಳೇಶನಿಗೆ ಹೇಳಿದ್ದಳು. ಅವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಭಯವನ್ನು ಕೊರಳಿಗೆ ತೂಗುಹಾಕಿಕೊಳ್ಳಲು ಮನಸ್ಸಿರಲಿಲ್ಲ. ಅಂದು ತಲೆಯಾಡಿಸಿದ್ದ ಓಬಳೇಶ ಈಗ ಬೈಕು ಒರೆಸುವುದರಲ್ಲಿ ಮುಳುಗಿಹೋಗಿದ್ದ.

"ಕಟ್ಟಿಗ್ಯ ಸುಜಾತಾ," ಎಂದಳು ಅತ್ತೆ ಗಾದೆಮ್ಮ. "ಆಕಿ ಕಣ್ಣು ಕೂಸಿನ ಮ್ಯಾಲ ಐತಿ. ಸಿಟ್ಟಾದಳಂದ್ರ ಮನಿ ಉಳಿಯಂಗಿಲ್ಲ." ಆಮೇಲೆ ಬೊಮ್ಮಮ್ಮನ ಕಡೆ ತಿರುಗಿ, "ಕೊಟ್ಟು ಹೊಂಡವ್ವ ಬೀಗತಿ, ಬಸ್ಸು ಹೋಗತೈತಿ. ನೀನು ಬಂದು ಹೋಗಿ ಮಾಡಿದ್ರ ಕೂಸು ಹೊಸ ತಾಯಿಗೆ ಹೊಂದೂದಿಲ್ಲ."

ಸುಜಾತಾ ಮೆಟ್ಟಿಲಿಳಿದು ಬೊಮ್ಮಮ್ಮನ ಪಕ್ಕ ಕುಳಿತಳು. "ನನಗ ಇಂಥಾದ್ರಾಗ ಅಂಜಿಕಿ ಇಲ್ರೀ ಅಮ್ಮ. ಅದಕ್ಕ ಬ್ಯಾಡ ಅಂತೀನಿ."

"ನನಗೇನ್ ಅಂಜಿಕಿ ಐತೇನು? ಇರುವಿ ಸಾಲು ಕಂಡ್ರ ಕಾಲೆತ್ತಿ ದಾಟತಿದ್ಳು ನನ್ನ ಮಗಳು. ದೆವ್ವಾಗಿ ನಿನಗೇನ್ ಮಾಡ್ಯಾಳು!" ಬೊಮ್ಮಮ್ಮ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಇದು ನಿನ್ನ ಕೊಳ್ಳಾಗಿದ್ರ ನೋಡಾಕ ಅಂತ ಬರಬೋದು. ಕೂಸನ್ನ ಮುಟ್ಟಬೋದು. ಇಲ್ಲಂದ್ರ ಈ ಮನಿಗೆ ನಾನು ಯಾರವ್ವ?"

ಸುಜಾತಾ ಪದಕವನ್ನು ಬಿಸಿಲಿಗೆ ಹಿಡಿದಳು. ಮಾಣಿಕ್ಯದ ಹರಳಿಗೆ ತನ್ನದೇ ಬಣ್ಣವಿಲ್ಲ. ಹುಟ್ಟುವಾಗ ಒಳಗೆ ಬಂದು ಸೇರಿಕೊಂಡ ಒಂದಿಷ್ಟು ಕ್ರೋಮಿಯಂ ಅದನ್ನು ಕೆಂಪಾಗಿಸುತ್ತದೆ. ತೆಗೆಯುತ್ತೇನೆಂದರೆ ಹರಳನ್ನೇ ಒಡೆಯಬೇಕು. ಪ್ರತಿ ವರ್ಷ ಇದನ್ನು ಪಾಠ ಮಾಡುವಾಗ ಅವಳಿಗೆ ಏನೂ ಅನ್ನಿಸಿರಲಿಲ್ಲ.

"ಅತ್ತಿ, ಇದನ್ನ ತೊಳದು ಪೂಜಿ ಮಾಡೂದು ಯಾವಾಗ?"

"ಅಮಾಸಿಗೆ," ಎಂದಳು ಗಾದೆಮ್ಮ, ಸೊಸೆ ದಾರಿಗೆ ಬಂದಳೆಂಬ ಹುರುಪಿನಲ್ಲಿ. "ತೊಳದು ಎಡಿ ಹಿಡೀಬೇಕು. ನೀನ ಮಾಡಬೇಕು."

"ನನಗೆಲ್ಲಿ ಬರತೈತ್ರಿ? ಎಡಿಗೆ ಏನಿಡಬೇಕು, ಆಕಿಗೆ ಏನು ಸೇರತಿತ್ತು, ನನಗೇನೂ ಗೊತ್ತಿಲ್ಲ. ಹೆಚ್ಚುಕಮ್ಮಿ ಆಗಿ ಆಕಿ ಸಿಟ್ಟಾದ್ರ? ಹಡದ ತಾಯೀನ ಬಂದು ಮಾಡ್ಲಿ. ಪ್ರತಿ ಅಮಾಸಿ. ಹಂಗಾದ್ರ ಕಟ್ಟಿಗ್ಯಂತೀನಿ."

ಓಬಳೇಶನ ಕೈಯಲ್ಲಿದ್ದ ಬಟ್ಟೆ ಬೈಕಿನ ಮೇಲೆ ಒಂದೇ ಕಡೆ ನಿಂತಿತ್ತು.

ಭಯ ಬೇಡವೆಂದವಳು ಭಯವನ್ನೇ ಬಳಸಿದೆನಲ್ಲ ಎಂದು ಸುಜಾತಾಳಿಗೆ ಒಳಗೊಳಗೇ ಇರಿಸುಮುರುಸಾಯಿತು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬೊಮ್ಮಮ್ಮನ ಕೈ ಹಿಡಿದು ಎಬ್ಬಿಸಿ ಹೊಸ್ತಿಲು ದಾಟಿಸಿದಳು. ದೇವರ ಗೂಡಿನ ಮುಂದೆ ಕೊರಳು ಬಾಗಿಸಿ ಕುಳಿತಳು. ಪದಕ ಕಟ್ಟುವ ಮುದುಕಿಯ ಬೆರಳಿಗೆ ದಾರದ ಗಂಟು ಬೇಗ ಸಿಗಲಿಲ್ಲ. ಪಾರು ಅಜ್ಜಿಯ ತೊಡೆ ಹತ್ತಿ, ಪದಕದ ಕೆಂಪನ್ನು ಬೆರಳಿನಿಂದ ಒತ್ತಿ, ಆಮೇಲೆ ತನ್ನ ಹಣೆಯನ್ನು ಒತ್ತಿಕೊಂಡಳು.

ದೂರದಲ್ಲಿ ಗುಡೇಕೋಟೆ ಬಸ್ಸು ಹಾರ್ನು ಹೊಡೆಯಿತು. ಯಾರೂ ಏಳಲಿಲ್ಲ. ಗಾದೆಮ್ಮ ಮಾತ್ರ ಎದ್ದು, ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿ ಕಣ್ಣು ಕಿರಿದು ಮಾಡಿ ನೋಡಿದಳು.

"ಅಮಾಸಿ ಸೋಮವಾರ ಬಂದೈತಿ. ಮುಂಜಾನಿ ಬಸ್ಸಿಗೇ ಬಂದುಬಿಡವ್ವ ಬೀಗತಿ," ಎಂದಳು. "ತಡಾ ಮಾಡಿ ಆಕೀನ ಕಾಯಿಸಬ್ಯಾಡ."