ತಿರುಗದ ತಟ್ಟೆ

ಒಲೆಯ ಬೂದಿಯನ್ನು ಸಲಿಕೆಯಿಂದ ಬಕೆಟ್ಟಿಗೆ ತುಂಬುತ್ತಿದ್ದಾಗ ಫೋನು ಬಡಿದುಕೊಂಡಿತು. ಲಾರ್ನಾಳ ಕೈ ಅಲ್ಲೇ ನಿಂತಿತು. ಅಕ್ಟೋಬರಿನಿಂದ ಈಚೆಗೆ ಫೋನಿನ ಸದ್ದು ಕೇಳಿದಾಗಲೆಲ್ಲ ಅವಳು ಮಾಡುತ್ತಿದ್ದ ಕೆಲಸ ಹಾಗೇ ನಿಂತುಬಿಡುತ್ತಿತ್ತು. ಎತ್ತಿಕೊಂಡವನು ಗಂಡ ವೇಡ್. ಎಡಗೈಯಲ್ಲಿ ಹಿಡಿದು, ಎಡಕಿವಿಗೆ ಒತ್ತಿಕೊಂಡ. ಬಲಗೈ ಅಂಗಿಯ ಜೇಬಿನೊಳಗೇ ಇತ್ತು.

ನೆಲಮಾಳಿಗೆಯ ಯಂತ್ರ ಕೊಳ್ಳಲಿದ್ದ ಹಾಲ್ವರ್ ಮುದುಕನಿಗೆ ಕಿವಿ ಮಂದ. ಹಾಗಾಗಿ ಅವನು ಫೋನಿನಲ್ಲಿ ಕೂಗುತ್ತಿದ್ದ. ಮಾತು ಅಡುಗೆಮನೆಗೆಲ್ಲ ಕೇಳುತ್ತಿತ್ತು.

"ಆ ನಿನ್ನ ಯಂತ್ರ ಸರಿಯಾಗಿ ತಿರುಗುತ್ತೇನೋ, ಇಲ್ಲ ನನ್ನ ಮಂಡಿ ಥರ ಕಿರ್ ಅನ್ನುತ್ತಾ?"

"ಚಳಿಗಾಲ ಪೂರ್ತಿ ಯಾರೂ ಮುಟ್ಟಿಲ್ಲ. ಸ್ವಲ್ಪ ಹಿಡ್ಕೊಂಡಿದೆ," ಅಂದ ವೇಡ್. "ಲಾರ್ನಾ ನೋಡ್ತಾಳೆ."

"ಸರಿ ಮಾಡಿಡಕ್ಕೆ ಹೇಳು. ಮಧ್ಯಾಹ್ನ ಬರ್ತೀನಿ. ಕಾಫಿ ಮಾತ್ರ ನೀನು ಮಾಡ್ಬೇಡ ಮಾರಾಯ, ಹೋದ್ಸಲ ಕುಡಿದಿದ್ದು ಇನ್ನೂ ಹೊಟ್ಟೇಲಿದೆ."

ವೇಡ್ ನಕ್ಕ. ನಗು ಮುಖದ ಒಂದು ಬದಿಗೆ ಮಾತ್ರ ಬಂತು. ಬಲಗಣ್ಣಿನ ಕೆಳಗೆ ಚರ್ಮ ಎಳೆದುಕೊಂಡು ಗಂಟಾಗಿದ್ದ ಕಡೆ ಅದು ಹೋಗಲಿಲ್ಲ.

ಡೆಲ್ಲಾ ಮೇಜಿನ ಬಳಿ ಕೂತು ಹಸಿ ಬ್ರೆಡ್ಡಿಗೆ ಬೆಣ್ಣೆ ಸವರಿಕೊಳ್ಳುತ್ತಿದ್ದಳು. ಟೋಸ್ಟರ್ ಅವಳ ಮೊಣಕೈ ಪಕ್ಕದಲ್ಲೇ ಇತ್ತು. ಮೊದಲು ಬ್ರೆಡ್ಡಿನ ಅಂಚು ಕರಕಲಾಗದಿದ್ದರೆ ತಿನ್ನದ ಹುಡುಗಿ ಈಗ ಆ ಟೋಸ್ಟರಿನ ಹಿಡಿಯನ್ನು ಕೆಳಗೆ ಒತ್ತುತ್ತಿರಲಿಲ್ಲ. ಲಾರ್ನಾ ಒಂದೆರಡು ಸಲ ಕೇಳಿದ್ದಳು. "ಹಸೀದೇ ಚೆನ್ನಾಗಿರುತ್ತೆ," ಅಂದಿದ್ದಳು ಮಗಳು. ಒಂಬತ್ತು ವರ್ಷದ ಮಕ್ಕಳ ರುಚಿ ಹೀಗೇ ಬದಲಾಗುತ್ತದೆ ಎಂದುಕೊಂಡು ಲಾರ್ನಾ ಸುಮ್ಮನಾಗಿದ್ದಳು.

ಬೂದಿಯ ಬಕೆಟ್ಟನ್ನು ಹೊರಗಿಟ್ಟು, ಕೈ ತೊಳೆದು, ಅವಳು ನೆಲಮಾಳಿಗೆಗೆ ಇಳಿದಳು.

ದೀಪ ಹಾಕಿದಾಗ ಕಾಡತೂಸು ತುಂಬುವ ಯಂತ್ರ ಮೊದಲು ಇದ್ದ ಹಾಗೇ ಇತ್ತು. ಮರದ ಬೆಂಚಿಗೆ ಬೋಲ್ಟು ಹಾಕಿ ಬಿಗಿದ ನೀಲಿ ಕಬ್ಬಿಣ. ಪಕ್ಕದಲ್ಲಿ ಉದ್ದನೆಯ ಹಿಡಿ, ಮೇಲೆ ಮದ್ದು ತುಂಬುವ ಗಾಜಿನಂಥ ಕೊಳವೆ, ನಡುವೆ ಅಂಗೈಯಗಲದ ದುಂಡು ತಟ್ಟೆ. ತಟ್ಟೆಯ ಸುತ್ತ ಖಾಲಿ ಹಿತ್ತಾಳೆ ಕೊಳವೆಗಳನ್ನು ನಿಲ್ಲಿಸುವ ಮನೆಗಳು. ಹಿಡಿ ಒಮ್ಮೆ ಎಳೆದರೆ ಎಲ್ಲ ಮನೆಗಳಲ್ಲೂ ಒಟ್ಟಿಗೇ ಕೆಲಸ ನಡೆಯುತ್ತಿತ್ತು. ಒಂದರಲ್ಲಿ ಕಿಡಿ ಹೊತ್ತಿಸುವ ಕೇಪು ಕೂರುವುದು, ಮುಂದಿನದರಲ್ಲಿ ಮದ್ದು ಬೀಳುವುದು, ಅದರ ಮುಂದಿನದರಲ್ಲಿ ಗುಂಡು ಒತ್ತಿಕೊಳ್ಳುವುದು. ಆಮೇಲೆ ಹೆಬ್ಬೆರಳಿನಿಂದ ತಟ್ಟೆಯನ್ನು ಒಂದು ಮನೆ ಮುಂದಕ್ಕೆ ತಿರುಗಿಸಬೇಕು. ಎಳೆ, ತಿರುಗಿಸು. ಎಳೆ, ತಿರುಗಿಸು. ಕಳೆದ ಬೇಸಗೆಯಲ್ಲಿ ವೇಡ್ ಅವಳ ಹಿಂದೆ ನಿಂತು, ಅವಳ ಹೆಬ್ಬೆರಳ ಮೇಲೆ ತನ್ನ ಹೆಬ್ಬೆರಳಿಟ್ಟು ಕಲಿಸಿದ್ದ. ಧಾನ್ಯದ ಗೋದಾಮಿನಲ್ಲಿ ಅವನಿಗೆ ಸುಗ್ಗಿಯ ಪಾಳಿ. ಶನಿವಾರದ ಗುರಿ ಪಂದ್ಯಕ್ಕೆ ಕಾಡತೂಸು ಮಾಡಿಕೊಳ್ಳಲು ಹೊತ್ತಿರಲಿಲ್ಲ. ನಾನೇ ಮಾಡಿಕೊಡ್ತೀನಿ ಅಂದವಳು ಅವಳು.

ಆ ಹೆಬ್ಬೆರಳು ಈಗ ಅವನಿಗಿಲ್ಲ. ಅದರ ಪಕ್ಕದ ಬೆರಳೂ ಇಲ್ಲ.

ಮೆಟ್ಟಿಲ ತುದಿಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ಒಂದೇ ಕಣ್ಣಿಗೆ ಮೆಟ್ಟಿಲ ಆಳ ಅಂದಾಜಾಗದೆ ವೇಡ್ ಕೆಳಗೆ ಇಳಿಯುವುದನ್ನೇ ಬಿಟ್ಟಿದ್ದ. ಅಲ್ಲಿಂದಲೇ ಕೂಗಿದ:

"ತಿರುಗ್ತಿದೆಯಾ?"

"ಅರ್ಧಕ್ಕೆ ನಿಲ್ಲುತ್ತೆ."

"ಬಲ ಹಾಕ್ಬೇಡ. ಮೊದಲು ಎಲ್ಲಾ ಮನೆ ಖಾಲಿ ಮಾಡು. ಏನು ತೊಂದ್ರೆ ಬಂದ್ರೂ ಮೊದಲು ಖಾಲಿ ಮಾಡು ಅಂತ ಹೇಳಿದ್ನಲ್ಲ."

"ಖಾಲೀನೇ ಇದೆ."

"ಹಾಗಾದ್ರೆ ನಡುವಿನ ಬೋಲ್ಟ್ ಬಿಚ್ಚು. ತಟ್ಟೆ ಕೆಳಗೊಂದು ಸ್ಪ್ರಿಂಗು, ಅದರ ಮೇಲೊಂದು ಗೋಲಿ ಇರುತ್ತೆ. ಗೋಲಿ ಹಾರಿ ಹೋದ್ರೆ ಹಾಲ್ವರ್ ಬರೋವರೆಗೂ ನೆಲ ನೆಕ್ಕಬೇಕಾಗುತ್ತೆ, ಹುಷಾರು."

ಅವಳು ಬೋಲ್ಟು ಬಿಚ್ಚತೊಡಗಿದಳು. ಮೆಟ್ಟಿಲಿನ ನಡುವೆ ಡೆಲ್ಲಾ ಬಂದು ಕೂತಿದ್ದಳು; ಕೈಗಳೆರಡನ್ನೂ ಸ್ವೆಟರಿನ ತೋಳಿನೊಳಗೆ ಎಳೆದುಕೊಂಡು. ಆ ಪಂದ್ಯದ ಕಾಡತೂಸು ಮಾಡಿದ ದಿನವೂ ಅದೇ ಮೆಟ್ಟಿಲ ಮೇಲೆ ಬಣ್ಣದ ಪೆನ್ಸಿಲು ಹರಡಿಕೊಂಡು ಕೂತಿದ್ದಳು. ಆಮೇಲೆ ಅವಳು ಇತ್ತ ಬಂದಿದ್ದು ಇದೇ ಮೊದಲು.

"ಕೆಳಗೆ ಬಾ ಪುಟ್ಟಿ, ಟಾರ್ಚ್ ಹಿಡೀತೀಯಾ?"

ಡೆಲ್ಲಾ ಬೇಡವೆಂದು ತಲೆಯಾಡಿಸಿದಳು. ಬರಲಿಲ್ಲ.

ಲಾರ್ನಾ ತಟ್ಟೆ ಎತ್ತಿದಳು. ಚಳಿಗಾಲವೆಲ್ಲ ಅವಳು ಕಾದಿದ್ದು ಇದಕ್ಕೇ. ಸ್ಪ್ರಿಂಗು ಮುರಿದಿರಲಿ, ಗೋಲಿ ಸವೆದಿರಲಿ, ಏನಾದರೊಂದು ಇರಲಿ. ಆ ದಿನ ತಾನು ತಿರುಗಿಸಿಯೂ ತಟ್ಟೆ ತಿರುಗದೆ ನಿಂತಿತ್ತು ಎಂದು ತೋರಿಸುವ ಒಂದು ಗುರುತು. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಗ್ಗಿ ನೋಡಿದಳು. ಸ್ಪ್ರಿಂಗು ಗಟ್ಟಿಯಾಗಿತ್ತು. ಗೋಲಿ ಹೊಳೆಯುತ್ತಿತ್ತು. ತಟ್ಟೆಯ ಕೆಳಗೆ ಕಂದು ಬಣ್ಣದ ತುಕ್ಕು, ತೆಳ್ಳಗೆ, ಈಚಿನದು. ಹಿಮ ಕರಗುವಾಗ ಗೋಡೆಯಿಂದ ಒಸರುವ ತೇವ. ಅಷ್ಟೇ.

"ಏನಿದೆ?" ಮೇಲಿನಿಂದ ವೇಡ್.

"ತುಕ್ಕು."

"ಉಕ್ಕಿನ ನಾರಲ್ಲಿ ಉಜ್ಜಿ ಎಣ್ಣೆ ಹಾಕು. ಗೋಲಿ ಮೇಲೆ ಒಂದೇ ತೊಟ್ಟು."

ಉಜ್ಜಿದಳು. ಎಣ್ಣೆ ಹಾಕಿ, ಒರೆಸಿ, ತಟ್ಟೆಯನ್ನು ಮತ್ತೆ ಕೂರಿಸಿದಳು. ಹೆಬ್ಬೆರಳಿಟ್ಟು ನೂಕಿದಳು. ಟಕ್. ಟಕ್. ಟಕ್. ಪ್ರತಿ ಮನೆಯಲ್ಲೂ ಗೋಲಿ ಸರಿಯಾಗಿ ಕೂತು ಎದ್ದಿತು.

"ಆ ಸದ್ದು ಕೇಳಿಸ್ತು," ಅಂದ ವೇಡ್. ದನಿಯಲ್ಲಿ ಹಳೆಯ ಖುಷಿಯ ಚೂರೊಂದು ಇತ್ತು. "ಈಗ ಸ್ವಲ್ಪ ಮದ್ದು ಹಾಕಿ ನೋಡ್ಬಿಡು. ಹಾಲ್ವರ್ ಕೇಳ್ತಾನೆ. ಕೇಪು ಬೇಡ."

ಡಬ್ಬಿಯ ತಳದಲ್ಲಿ ಉಳಿದಿದ್ದ ಮದ್ದನ್ನು ಕೊಳವೆಗೆ ಸುರಿದಳು. ಖಾಲಿ ಹಿತ್ತಾಳೆಯೊಂದನ್ನು ಎರಡನೇ ಮನೆಯಲ್ಲಿ ನಿಲ್ಲಿಸಿ ಹಿಡಿ ಎಳೆದಳು. ಬಗ್ಗಿ ನೋಡಿದರೆ ಬೂದು ಬಣ್ಣದ ಕಾಳು ಹಿತ್ತಾಳೆಯ ಅರ್ಧಕ್ಕಿಂತ ಕೆಳಗಿತ್ತು. ಇಷ್ಟೇ ಇರಬೇಕಾದದ್ದು.

ಈಗ ತಿರುಗಿಸಬೇಕು. ಅವಳು ತಿರುಗಿಸಲಿಲ್ಲ.

ಆವತ್ತು ಕೆಲಸ ಇದೇ ಹಂತಕ್ಕೆ ಬಂದಾಗ ಫೋನು ಬಂದಿತ್ತು. ತಂಗಿಯ ಫೋನು. ಹಿಡಿ ಬಿಟ್ಟು ಮೇಲೆ ಹೋಗಿ, ಮಾತಾಡಿ, ಬಂದು ಮತ್ತೆ ಹಿಡಿ ಎಳೆದಿದ್ದಳು. ಹೋಗುವ ಮೊದಲು ತಟ್ಟೆ ತಿರುಗಿಸಿದ್ದಳೇ? ತಿರುಗಿಸಿದ ನೆನಪು ಹೆಬ್ಬೆರಳಲ್ಲಿ ಇತ್ತು. ಟಕ್ ಎಂದ ಸದ್ದೂ ಕಿವಿಯಲ್ಲಿತ್ತು. ಆದರೆ ಸಾವಿರ ಸಲ ತಿರುಗಿಸಿದ ಬೆರಳಿಗೆ ಆ ಒಂದು ಸಲ ಬೇರೆಯಾಗಿ ನೆನಪಿರಲು ಹೇಗೆ ಸಾಧ್ಯ?

ಅವಳು ಇನ್ನೊಮ್ಮೆ ಹಿಡಿ ಎಳೆದಳು.

ಮದ್ದು ಮೊದಲಿನ ಮದ್ದಿನ ಮೇಲೇ ಬಿತ್ತು. ಅಂಚಿನವರೆಗೆ ಬಂತು, ಹೊರಗೆ ಚೆಲ್ಲಲಿಲ್ಲ. ಒಂದು ಕಾಳೂ ಚೆಲ್ಲಲಿಲ್ಲ. ಮೇಲೊಂದು ಗುಂಡು ಕೂತರೆ ಇದು ಉಳಿದವುಗಳ ಹಾಗೇ ಕಾಣುತ್ತಿತ್ತು. ಪೆಟ್ಟಿಗೆಯಲ್ಲಿ ಅವುಗಳ ಜೊತೆಗೇ ನಿಲ್ಲುತ್ತಿತ್ತು. ಜಲ್ಲಿಗುಂಡಿಯ ಪಂದ್ಯದ ಬಯಲಿನಲ್ಲಿ, ಅಕ್ಟೋಬರಿನ ಬಿಸಿಲಿನಲ್ಲಿ, ವೇಡ್ "ನನ್ನ ಹೆಂಡ್ತಿ ಮಾಡಿದ್ದು" ಎಂದು ಎಲ್ಲರಿಗೂ ತೋರಿಸಿ ರಿವಾಲ್ವರಿಗೆ ತುಂಬುತ್ತಿದ್ದ. ಎರಡು ಪಾಲು ಮದ್ದಿಗೆ ಅದು ಅವನ ಕೈಯಲ್ಲೇ ಸಿಡಿಯುತ್ತಿತ್ತು.

"ವೇಡ್," ಅಂದಳು ಅವಳು. "ಯಂತ್ರದಲ್ಲಿ ಏನೂ ತಪ್ಪಿಲ್ಲ ಕಣೋ."

ಮೇಲೆ ಕುರ್ಚಿ ಕಿರುಗುಟ್ಟಿತು. "ತಪ್ಪಿದೆ ಅಂತ ನಾನು ಯಾವತ್ತು ಅಂದೆ?"

"ನಾನೇ ತಿರುಗಿಸ್ಲಿಲ್ಲ. ಫೋನ್ ಬಂತು ಅಂತ ಹೋದೆ. ವಾಪಸ್ ಬಂದು ಅದರ ಮೇಲೇ ಎಳೆದೆ. ನಾನೇ."

"ಅದು ನಮ್ಮ ತಾತನ ಕಾಲದ ರಿವಾಲ್ವರು, ಹಳೇದಾಗಿ ಸಿಡೀತು. ಎಲ್ಲರಿಗೂ ಅದನ್ನೇ ಹೇಳಿದ್ದೀನಿ, ನಿನಗೂ ಅದನ್ನೇ ಹೇಳ್ತಿದ್ದೀನಿ."

"ವೇಡ್..."

"ಮುಗೀತು ಅಂದ್ನಲ್ಲ, ಲಾರ್ನಾ." ದನಿ ಗದರಲಿಲ್ಲ, ದಣಿದಿತ್ತು. "ಆ ಯಂತ್ರ ಇವತ್ತು ಮನೆ ಬಿಟ್ಟು ಹೋಗ್ಲಿ. ಅದಕ್ಕೇ ತಾನೇ ಮಾರ್ತಿರೋದು?"

ಹೊರಗೆ ನಾಯಿ ಬೊಗಳಿತು. ಹಾಲ್ವರನ ಟ್ರಕ್ಕು ಕೆಸರಿನ ದಾರಿಯಲ್ಲಿ ಗೇರು ಬದಲಿಸುವ ನರಳಾಟ ಕೇಳಿಸಿತು. ಮಧ್ಯಾಹ್ನ ಅಂದವನು ಇಷ್ಟು ಬೇಗ ಬಂದಿದ್ದ. ಗೇಟು ತೆಗೆಯಲು ವೇಡ್ ಎದ್ದುಹೋದ. ಅವನ ಹೆಜ್ಜೆ ಅಡುಗೆಮನೆ ದಾಟಿ, ಬಾಗಿಲು ದಾಟಿ, ನಿಂತಿತು.

ಲಾರ್ನಾ ಬೆಂಚಿನ ಅಂಚು ಹಿಡಿದುಕೊಂಡು ನಿಂತಳು. ಕಣ್ಣೊರೆಸಿಕೊಳ್ಳೋಣವೆಂದರೆ ಕೈತುಂಬ ಎಣ್ಣೆ. ಭುಜದಿಂದ ಕೆನ್ನೆ ಒರೆಸಿಕೊಂಡು, ಯಂತ್ರವನ್ನು ಬೆಂಚಿನಿಂದ ಬಿಚ್ಚಲು ಸ್ಪ್ಯಾನರು ಹುಡುಕಿದಳು.

ಹಿಂದೆ ಮೆಟ್ಟಿಲು ಸದ್ದು ಮಾಡಿತು. ಒಂದು, ಆಮೇಲೆ ಬಹಳ ಹೊತ್ತು ಬಿಟ್ಟು ಇನ್ನೊಂದು. ಡೆಲ್ಲಾ ಬೆಂಚಿನ ಹತ್ತಿರ ಬಂದು ನಿಂತಳು. ಯಂತ್ರದಿಂದ ಒಂದು ತೋಳಿನಷ್ಟು ದೂರ. ಅಂಚಿನವರೆಗೆ ಮದ್ದು ತುಂಬಿದ ಹಿತ್ತಾಳೆ ಕೊಳವೆಯನ್ನೇ ನೋಡುತ್ತಿದ್ದಳು.

"ಹಾಲ್ವರ್ ತಾತ ಇದನ್ನ ತಗೊಂಡೇ ಹೋಗ್ತಾರಾ?"

"ಹೂಂ."

"ವಾಪಸ್ ತರಲ್ವಾ?"

"ಇಲ್ಲ ಪುಟ್ಟಿ. ಯಾಕೆ?"

ಮೇಲೆ ಬಾಗಿಲು ತೆರೆದುಕೊಂಡಿತು. ಹಾಲ್ವರನ ಬೂಟು ಹೊಸ್ತಿಲಿಗೆ ಒದ್ದು ಕೆಸರು ಕೊಡವಿತು. "ಎಲ್ಲಮ್ಮಾ ನಮ್ಮ ಮೆಕ್ಯಾನಿಕ್ಕು?" ಎಂದು ಅವನು ಕೂಗಿದ. ಲಾರ್ನಾ ಸ್ಪ್ಯಾನರು ಕೆಳಗಿಟ್ಟು, ಮಂಡಿಯೂರಿ, ಮಗಳ ಮುಖದ ಮಟ್ಟಕ್ಕೆ ಬಂದಳು.

ಡೆಲ್ಲಾ ತೋಳಿನೊಳಗಿಂದ ಬಲಗೈಯನ್ನು ನಿಧಾನವಾಗಿ ಹೊರಗೆ ತೆಗೆದಳು. ಹಿಡಿಯ ಕಡೆ ಚಾಚಿ, ಮುಟ್ಟದೆ, ಗಾಳಿಯಲ್ಲೇ ನಿಲ್ಲಿಸಿದಳು.

"ಅಮ್ಮಾ," ಅಂದಳು, "ಆವತ್ತು ನೀನು ಫೋನಿಗೆ ಅಂತ ಮೇಲೆ ಹೋಗಿದ್ಯಲ್ಲ, ಆಗ ಇದನ್ನ ಬೇರೆ ಯಾರಾದ್ರೂ ಒಂದ್ಸಲ, ಬರೀ ಒಂದೇ ಒಂದ್ಸಲ ಎಳೆದಿದ್ರೆ, ಅವಾಗ್ಲೂ ಮದ್ದು ಬೀಳುತ್ತಾ?"