ಹಳೆಯ ಪೆಟ್ಟಿಗೆಯ ತೋಟಾ

"ಅದಲ್ಲ, ಅದರ ಪಕ್ಕದ್ದು," ಎಂದ ಆರ್ನೆ ಕಂಗಾಸ್. ಬೆರಳು ಮಾಡಿ ತೋರಿಸಲು ಮನಸ್ಸಾಗದೆ ಗದ್ದದಿಂದಲೇ ತೋರಿಸಿದ.

ಡಾರ್ಲೀನ್ ತಿರುಗಿ ನೋಡಿದಳು. ಜಿಂಕೆ ಬೇಟೆ ಶುರುವಾಗುವ ಮುಂಚಿನ ವಾರಗಳಲ್ಲಿ ಅವಳ ಹಾರ್ಡ್‌ವೇರ್ ಅಂಗಡಿಗೆ ಮೊಳೆ ಕೇಳಿಕೊಂಡು ಬರುವವರಿಲ್ಲ. ಬಂದವರೆಲ್ಲ ತೋಟಾಗಳ ಕಪಾಟಿನೆದುರು ನಿಂತು, ನೂರೈವತ್ತು ಗ್ರೇನ್ ತೂಕದ ಗುಂಡು ಮೇಲೋ ನೂರೆಂಬತ್ತರದು ಮೇಲೋ ಎಂದು ವೇದಾಂತ ಚರ್ಚೆಯ ಗಾಂಭೀರ್ಯದಲ್ಲಿ ವಾದಿಸುತ್ತಾರೆ. ಕೊನೆಗೆ ಹೋದ ವರ್ಷ ಒಯ್ದದ್ದನ್ನೇ ಈ ವರ್ಷವೂ ಒಯ್ಯುತ್ತಾರೆ.

"ನೀನು ಯಾವಾಗ್ಲೂ ನೂರೆಂಬತ್ತರದ್ದಲ್ವಾ ಒಯ್ಯೋದು? ನಿಮ್ಮಪ್ಪನೂ ಅದನ್ನೇ ತಗೊಳ್ತಿದ್ದ."

"ಅಪ್ಪ ಸತ್ತು ಯಾವ ಕಾಲ ಆಯ್ತು. ಆ ಹಸಿರು ಪೆಟ್ಟಿಗೆ ಕೊಡಮ್ಮ."

ಹಸಿರು ಪೆಟ್ಟಿಗೆಯ ಮೇಲೆ 'ಒದೆ ಕಡಿಮೆ' ಎಂದು ದಪ್ಪಕ್ಷರದಲ್ಲಿತ್ತು. ಮದ್ದು ಕಡಿಮೆ, ಗುಂಡು ಹಗುರ, ಹೊಡೆದಾಗ ಕೋವಿ ಭುಜಕ್ಕೆ ಒದೆಯುವುದೂ ಕಡಿಮೆ. ಹೊಸದಾಗಿ ಕೋವಿ ಹಿಡಿಯುವವರಿಗಾಗಿ ಕಾರ್ಖಾನೆಯವರು ಮಾಡಿದ್ದು. ಆ ಕಡೆಯ ಗಂಡಸರು ಅದಕ್ಕಿಟ್ಟಿದ್ದ ಹೆಸರು 'ಹಾಲುಗಲ್ಲದ ತೋಟಾ'.

"ಯಾರಿಗಪ್ಪಾ ಇದು?"

"ಮೊಮ್ಮಗಳಿಗೆ."

ಆರ್ನೆಗೆ ಮಕ್ಕಳೇ ಇರಲಿಲ್ಲ. ಅದು ಊರಿಗೆಲ್ಲ ಗೊತ್ತಿತ್ತು, ಡಾರ್ಲೀನಳಿಗೂ ಗೊತ್ತಿತ್ತು. "ಜಾಣೆ ಇರ್ಬೇಕು," ಎಂದು ಅವಳು ಪೆಟ್ಟಿಗೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು.

ಭುಜದ ಶಸ್ತ್ರಚಿಕಿತ್ಸೆಯಾದ ಮೇಲೆ ಅವನ ಹಳೆಯ ರೈಫಲ್ ಒದ್ದರೆ ನೋವು ಕತ್ತಿನವರೆಗೂ ಏರುತ್ತಿತ್ತು. ಆದರೆ ತೊಂದರೆ ನೋವಿನದಲ್ಲ. ನೋವಿಗೆ ಹೆದರಿ ಅವನ ಕಣ್ಣು ಕೋವಿಯ ಕುದುರೆ ಎಳೆಯುವ ಮುಂಚೆಯೇ ಮುಚ್ಚಿಕೊಳ್ಳುತ್ತಿತ್ತು. ಹೋದ ವರ್ಷ ಹಾಗೇ ಆಗಿ ಗುಂಡು ಜಿಂಕೆಯ ಹೊಟ್ಟೆಗೆ ಬಿತ್ತು. ಅದು ದೇವದಾರುಗಳ ಜೌಗಿನೊಳಗೆ ಕಾಲೆಳೆದುಕೊಂಡು ಹೋಯಿತು. ರಕ್ತದ ಜಾಡನ್ನು ಹಿಮ ಮುಚ್ಚುವವರೆಗೂ ಅವನು ಹುಡುಕಿದ. ಬೇಟೆಯ ಬಿಡಾರಕ್ಕೆ ಬರಿಗೈಯಲ್ಲಿ ಬಂದಾಗ ಅವನ ಹಳೆಯ ಜೊತೆಗಾರ ಗೋರ್ಡಿ ಅಲ್ಲಿನ ಕಟ್ಟಳೆಯಂತೆ ಅವನ ಅಂಗಿಯ ಹಿಂಬದಿಯ ಚುಂಗು ಕತ್ತರಿಸಿ, ಗೋಡೆಯ ಮೇಲಿದ್ದ, ಗುರಿ ತಪ್ಪಿದ ಇತರರ ಚುಂಗುಗಳ ಸಾಲಿಗೆ ಮೊಳೆ ಹೊಡೆದ. ಎಲ್ಲರೂ ನಕ್ಕರು, ಆರ್ನೆಯೂ ನಕ್ಕ. ಕಣ್ಣಿನ ವಿಷಯ ಯಾರಿಗೂ ಹೇಳಲಿಲ್ಲ. ಇನ್ನೊಂದು ಪ್ರಾಣಿ ಹಾಗೆ ಹೋದರೆ ಕೋವಿ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದ.

ಜಲ್ಲಿಗುಂಡಿಗೆ ಹೋಗಿ ಹೊಸ ತೋಟಾ ಹೊಡೆದು ನೋಡಿದ. ಕಣ್ಣು ತೆರೆದೇ ಇತ್ತು. ಗುಂಡುಗಳೆಲ್ಲ ಒಂದೇ ಕಡೆ ಬಿದ್ದವು, ಆದರೆ ಹಳೆಯವು ಬೀಳುತ್ತಿದ್ದ ಜಾಗಕ್ಕಿಂತ ಅಂಗೈಯಗಲ ಕೆಳಗೆ. ಕೋವಿಯ ಮೇಲಿನ ದುರ್ಬೀನಿನ ತಿರುಪು ತಿರುಗಿಸಿ ಸರಿ ಮಾಡಿಕೊಂಡ. ಮನೆಗೆ ಬಂದು ತೋಟಾಗಳನ್ನು ನೂರೆಂಬತ್ತರ ಹಳೆಯ ಪೆಟ್ಟಿಗೆಗೆ ತುಂಬಿ, ಖಾಲಿ ಹಸಿರು ಪೆಟ್ಟಿಗೆಯನ್ನು ಒಲೆಗೆ ಹಾಕಿದ.

ಬೇಟೆಯ ಹಿಂದಿನ ಸಂಜೆ ಬಿಡಾರದಲ್ಲಿ ಆರ್ನೆ, ಗೋರ್ಡಿ ಇಬ್ಬರೇ. ಗೋರ್ಡಿ ತನ್ನ ಗಾಡಿಯನ್ನು ಮೇಲೆ ಕೆಳಗೆ ಮಾಡಿ ಹುಡುಕಿ, ಬೈದುಕೊಳ್ಳುತ್ತ ಒಳಗೆ ಬಂದ.

"ಹಾಳಾಗ್ಹೋಗ್ಲಿ! ತೋಟಾನ ಅಡುಗೆಮನೆ ಮೇಜಿನ ಮೇಲೇ ಬಿಟ್ಟು ಬಂದಿದೀನಿ. ನಿಂದೂ ನಂದೂ ಒಂದೇ ಅಲ್ವಾ, ನಾಲ್ಕು ತಗೊಂಡೆ ನೋಡು."

ಕೇಳುವುದಕ್ಕೂ ತೆಗೆದುಕೊಳ್ಳುವುದಕ್ಕೂ ನಡುವೆ ಗೋರ್ಡಿ ಯಾವತ್ತೂ ಹೆಚ್ಚು ಜಾಗ ಬಿಟ್ಟವನಲ್ಲ. ಶೆಲ್ಫಿನ ಮೇಲಿನ ಪೆಟ್ಟಿಗೆಯಿಂದ ನಾಲ್ಕು ತೋಟಾ ಅವನ ಜೇಬು ಸೇರಿದವು.

ಆರ್ನೆ ಮಾಂಸ ತುಂಬಿದ ತಣ್ಣಗಾದ ಪ್ಯಾಸ್ಟಿ ಕಡುಬನ್ನು ತುಂಬ ಹೊತ್ತು ಅಗಿದ. ಗೋರ್ಡಿಯ ರೈಫಲ್ ಭಾರದ ಗುಂಡಿಗೆ ಹೊಂದಿಸಿದ್ದು. ಅವನು ಜಿಂಕೆಯ ಎದೆಗೆ ಗುರಿಯಿಟ್ಟರೆ ಈ ಹಗುರ ಗುಂಡು ಕೆಳಗೆ ಬಿದ್ದು ಅದರ ಕಾಲು ಮುರಿಯುತ್ತದೆ.

"ನಾಳೆ ಸ್ವಲ್ಪ ಮೇಲಕ್ಕೆ ಗುರಿ ಇಡು," ಎಂದ ಆರ್ನೆ.

"ಯಾಕೆ?"

"ಚಳಿ ಜಾಸ್ತಿ."

"ಚಳಿಗೆ ಜಿಂಕೆ ಎತ್ತರ ಆಗುತ್ತೇನೋ? ಚುಂಗು ಕತ್ತರಿಸ್ಕೊಂಡೋನು ನಂಗೆ ಪಾಠ ಹೇಳ್ತಾನೆ ನೋಡಪ್ಪ!"

ಆರ್ನೆ ಕೈ ಚಾಚಿದ. "ಅವನ್ನ ವಾಪಸ್ ಕೊಡು. ಅವು ನೂರೆಂಬತ್ತಲ್ಲ. ಹಾಲುಗಲ್ಲದವು."

ಗೋರ್ಡಿ ಒಂದು ತೋಟಾ ತೆಗೆದು ದೀಪಕ್ಕೆ ಹಿಡಿದು, ಕನ್ನಡಕ ಮೇಲೇರಿಸಿ ನೋಡಿದ. ಆಮೇಲೆ ಬೆಂಚು ಅಲುಗುವಂತೆ ನಕ್ಕ. "ಅಯ್ಯೋ ನಿನ್ನ! ಜೊತೆಗೆ ಜೊಲ್ಲುಬಟ್ಟೆನೂ ತಂದಿದೀಯೇನೋ? ಡಾರ್ಲೀನ್‌ಗೆ ಏನಂದೆ?"

"ಮೊಮ್ಮಗಳಿಗೆ ಅಂದೆ."

"ನಂಬಿದ್ಲಾ?"

"ಜಾಣೆ ಇರ್ಬೇಕು ಅಂದ್ಲು."

ಗೋರ್ಡಿ ಕಣ್ಣೊರೆಸಿಕೊಂಡ. "ಅಲ್ಲ ಕಣೋ, ಯಾಕೆ ಅಂತ?"

"ಹೋದ ವರ್ಷ ಕಣ್ಣು ಮುಚ್ಕೊಂಡಿದ್ದೆ. ಹೊಡೆಯೋಕೆ ಮುಂಚೆನೇ."

ನಗು ನಿಂತಿತು. ಗೋರ್ಡಿ ಗೋಡೆಯ ಚುಂಗುಗಳನ್ನು ನೋಡಲಿಲ್ಲ. ತೋಟಾಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿ ಮುಚ್ಚಿದ. ಒಲೆಯ ಹತ್ತಿರ ಕುಳಿತು, ಎಡಗೈಯಿಂದ ಬಲಭುಜವನ್ನು ಒತ್ತಿಕೊಳ್ಳುತ್ತಿದ್ದ. ಅವನು ಹಾಗೆ ಒತ್ತಿಕೊಳ್ಳುವುದನ್ನು ಆರ್ನೆ ಎಷ್ಟೋ ವರ್ಷದಿಂದ ನೋಡಿದ್ದ, ಚಳಿಗೆ ಎಂದುಕೊಂಡಿದ್ದ.

ಬೆಳಗಿನ ನಸುಕಿನಲ್ಲಿ ಗೋರ್ಡಿ ಗಾಡಿ ಚಾಲೂ ಮಾಡಿ ಕಿಟಕಿ ಇಳಿಸಿದ. ಬೇಟೆಯ ಮೊದಲ ಬೆಳಿಗ್ಗೆ ಅವನು ಕಾಡು ಬಿಟ್ಟು ಹೋದದ್ದೇ ಇರಲಿಲ್ಲ.

"ಡಾರ್ಲೀನ್ ಹತ್ರ ಇರೋದು ಹಸಿರು ಪೆಟ್ಟಿಗೆ ಅಲ್ವಾ?"

"ಹ್ಞೂಂ. ನೂರೆಂಬತ್ತರ ಪಕ್ಕದಲ್ಲೇ."

"ನಂಗಲ್ಲ ಮತ್ತೆ," ಎಂದ ಗೋರ್ಡಿ. "ನಿನ್ನ ಮೊಮ್ಮಗಳಿಗೆ."

ಆರ್ನೆ ಕೋವಿ ಹೆಗಲಿಗೇರಿಸಿ ಮೆಟ್ಟಿಲ ಮೇಲೆ ನಿಂತೇ ಇದ್ದ. ಕೆಳಗಿನ ರಸ್ತೆಯಲ್ಲಿ ಗಾಡಿಗಳ ದೀಪಗಳು ಒಂದರ ಹಿಂದೊಂದು ಕಾಡಿನ ಕಡೆ ಏರಿ ಬರುತ್ತಿದ್ದವು. ಅವುಗಳ ಎದುರಾಗಿ ಗೋರ್ಡಿಯ ಗಾಡಿಯ ಒಂದೇ ಒಂದು ಜೊತೆ ಕೆಂಪು ದೀಪ, ಪ್ರತಿಯೊಂದಕ್ಕೂ ದಾರಿ ಬಿಡುತ್ತ, ಪಟ್ಟಣದ ಕಡೆ ನಿಧಾನವಾಗಿ ಇಳಿಯುತ್ತಿತ್ತು.